ಜಾರೋದು ಸುಲಭ, ನಿಲ್ಲೋದು ಕಷ್ಟ

ಪಾರ್ಕಿನಲ್ಲಿ ಮಕ್ಕಳು ಮೆಟ್ಟಿಲು ಹತ್ತಿ ಸರ್ರನೆ ಜಾರಿ ಇಳಿಯುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಎರಡು ಹೆಸರಿದೆ. ಕೆಲವರು ‘ಜಾರುಬಂಡೆ’ ಅಂತಾರೆ, ಕೆಲವರು ‘ಜಾರುಬಂಡಿ’ ಅಂತಾರೆ. ಯಾವುದು ಸರಿ ಅಂತ ಕೇಳಿದ್ರೆ ಎರಡೂ ಸರಿ ಅನ್ನೋನು ನಾನು. ಯಾಕಂದ್ರೆ ಎರಡು ಹೆಸರಿನ ಹಿಂದೆಯೂ ಬೇರೆ ಬೇರೆ ಚರಿತ್ರೆ ಇದೆ. ಬಂಡೆ ನಮ್ಮದು. ಬಂಡಿ ಹಿಮದ ನಾಡಿನಿಂದ ಬಂದದ್ದು. ಎರಡರ ಮೇಲೂ ಮನುಷ್ಯ ಜಾರಿದ್ದಾನೆ, ಬಿದ್ದಿದ್ದಾನೆ, ಕೈಕಾಲು ಮುರಿದುಕೊಂಡಿದ್ದಾನೆ, ಆಮೇಲೆ ಒಂದಿಷ್ಟು ಕಲಿತಿದ್ದಾನೆ. ಈ ಕಲಿತದ್ದರ ಚರಿತ್ರೆಯನ್ನು ಯಾರೂ ಪಾಠದಲ್ಲಿ ಹೇಳಲ್ಲ. ಆದರೆ ನಿಮಗೊಂದು ಮಗು ಇದ್ದರೆ, ಅಥವಾ ಡಿಸೆಂಬರ್ ರಜೆಗೆ ಗುಲ್ಮಾರ್ಗ್ ಟಿಕೆಟ್ ಬುಕ್ ಮಾಡಿದ್ದರೆ, ಪಾಣಿಪತ್ ಯುದ್ಧಕ್ಕಿಂತ ಇದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಮೊದಲು ಬಂಡೆಯ ಕಥೆ.

ತುಮಕೂರು ಜಿಲ್ಲೆ ಕಲ್ಲಿನ ಸೀಮೆ. ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲರಿಗೂ ಗೊತ್ತು. ಕುಣಿಗಲ್ ತಾಲ್ಲೂಕಿಗೆ ಬಂದರೆ ಹುತ್ರಿದುರ್ಗ, ಹುಲಿಯೂರುದುರ್ಗ. ತುಮಕೂರಿಗೆ ಅಂಟಿಕೊಂಡಂತೆ ದೇವರಾಯನದುರ್ಗ. ಈ ದುರ್ಗಗಳಲ್ಲಿ ಪಾಳೇಗಾರರು ಕೋಟೆ ಕಟ್ಟಿದರು ಅಂತ ಓದಿದ್ದೇವೆ. ಕೋಟೆ ಇಲ್ಲದ ಸಣ್ಣ ಬಂಡೆಗಳ ಮೇಲೆ ಯಾರು ಏನು ಮಾಡಿದರು ಅಂತ ಯಾರೂ ಬರೆದಿಟ್ಟಿಲ್ಲ. ಅಲ್ಲಿ ಮಕ್ಕಳು ಜಾರಿದರು. ಗುಬ್ಬಿ ಕಡೆಯ ನಮ್ಮೂರಿನ ಬಂಡೆಯಲ್ಲಿ ಒಂದು ಪಟ್ಟಿ ಮಾತ್ರ ಉಳಿದದ್ದಕ್ಕಿಂತ ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ. ಎಷ್ಟು ತಲೆಮಾರಿನ ಚಡ್ಡಿ ಸವೆದು ಆ ಕಲ್ಲು ಅಷ್ಟು ನುಣುಪಾಯಿತೋ. ನಮ್ಮ ಸೀಮೆಯಲ್ಲಿ ಆಟದ ಶಾಸನ ಅಂತ ಒಂದಿದ್ದರೆ ಅದು ಇದೇ.

ಈ ಬಂಡೆಗಳ ರಚನೆಯಲ್ಲಿ ಒಂದು ಮೋಸ ಇದೆ, ಅದನ್ನು ತಿಳ್ಕೊಂಡ್ರೆ ಅರ್ಧ ಗಾಯ ತಪ್ಪುತ್ತೆ. ನಮ್ಮ ಕಡೆಯ ಗ್ರಾನೈಟ್ ಗುಡ್ಡ ಬಿಸಿಲು, ಮಳೆ, ಚಳಿಗೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚಿಕೊಳ್ಳುತ್ತೆ. ಹಾಗೆ ಕಳಚಿ ಕಳಚಿ ಗುಡ್ಡ ಗುಮ್ಮಟದ ಆಕಾರಕ್ಕೆ ಬರುತ್ತೆ. ಗುಮ್ಮಟ ಅಂದರೆ ಮೇಲೆ ಸಪಾಟು, ಕೆಳಕ್ಕೆ ಹೋದಂತೆ ಕಡಿದು. ಮೇಲೆ ಕೂತವರಿಗೆ ಇಳಿಜಾರು ಸಾಧುವಾಗಿ ಕಾಣುತ್ತೆ. ಜಾರೋಕೆ ಶುರು ಮಾಡಿದ ಮೇಲೆ ಅದು ಕಡಿದಾಗುತ್ತಾ ಹೋಗುತ್ತೆ. ಎಲ್ಲಿ ನಿಲ್ಲಬೇಕೋ ಅಲ್ಲೇ ಅತಿ ವೇಗ. ಕೊನೆಯಲ್ಲಿ ಹುಲ್ಲಿದ್ದರೆ ಅದೃಷ್ಟ, ಕಲ್ಲಿದ್ದರೆ ಗ್ರಹಚಾರ. ಹಿಮದ ನಾಡಿನಲ್ಲಿ ಮಕ್ಕಳು ಜಾರಲು ಹುಡುಕೋದು ಇದಕ್ಕೆ ಪೂರ್ತಿ ಉಲ್ಟಾ ಆಕಾರ. ಮೇಲೆ ಕಡಿದು, ಕೆಳಗೆ ಬರುತ್ತಾ ಸಪಾಟು, ಕೊನೆಗೆ ಉದ್ದನೆಯ ಬಯಲು. ಅಲ್ಲಿ ವೇಗ ತಾನಾಗಿಯೇ ಸಾಯುತ್ತೆ.

ಬಂಡೆ ಇಲ್ಲದ ಊರಿನ ಮಕ್ಕಳಿಗೆ ಕೆರೆ ಏರಿ ಇತ್ತು. ಏರಿಯ ಒಳಮೈಗೆ ಕಲ್ಲು ಜೋಡಿಸಿರ್ತಾರೆ, ಹೊರಮೈಯಲ್ಲಿ ಹುಲ್ಲು. ಆ ಹುಲ್ಲಿನ ಮೇಲೆ ಜಾರೋಕೆ ವಾಹನ ಬೇಕಲ್ಲ, ಅದನ್ನು ತೋಟ ಕೊಡುತ್ತಿತ್ತು. ಅಡಿಕೆ ಮರದಿಂದ ಕಳಚಿ ಬಿದ್ದ ಪಟ್ಟೆ (ಮಲೆನಾಡಿನವರು ಹಾಳೆ ಅಂತಾರೆ). ಅಗಲವಾದ ಬುಡದ ಮೇಲೆ ಒಬ್ಬ ಕೂರೋದು, ಗರಿಯ ತುದಿ ಹಿಡಿದು ಇನ್ನೊಬ್ಬ ಎಳೆಯೋದು. ಹಿಮದ ನಾಡಿನ ಸ್ಲೆಡ್ಜ್‌ಗೂ ಇದಕ್ಕೂ ತತ್ವದಲ್ಲಿ ಏನೂ ವ್ಯತ್ಯಾಸ ಇಲ್ಲ. ಇದಕ್ಕೂ ಚಕ್ರ ಇಲ್ಲ, ಬ್ರೇಕ್ ಇಲ್ಲ, ಸ್ಟಿಯರಿಂಗ್ ಇಲ್ಲ. ಈಗ ಆ ಪಟ್ಟೆಗೆ ಬೆಲೆ ಬಂದಿದೆ, ಊಟದ ತಟ್ಟೆ ಒತ್ತುವ ಯಂತ್ರಕ್ಕೆ ಹೋಗುತ್ತೆ. ಮಕ್ಕಳೂ ತೋಟದಲ್ಲಿ ಕಾಣಲ್ಲ, ಅದು ಬೇರೆ ಕಥೆ.

ಇನ್ನು ಬಂಡಿಯ ಕಥೆ.

ರಷ್ಯಾದಲ್ಲಿ 17ನೇ ಶತಮಾನದ ಹೊತ್ತಿಗೇ ಮರದ ಅಟ್ಟಣಿಗೆ ಕಟ್ಟಿ, ಇಳಿಜಾರಿನ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಅದರ ಮೇಲೆ ಜಾರುವ ಆಟ ಇತ್ತು. ಕೆಲವು ಅಟ್ಟಣಿಗೆ ಎಪ್ಪತ್ತು ಅಡಿ ಎತ್ತರ ಇರ್ತಿದ್ವು. ರಾಣಿ ಕ್ಯಾಥರೀನ್‌ಗೆ ಇದು ಎಷ್ಟು ಇಷ್ಟ ಅಂದರೆ ಒರಾನಿಯೆನ್‌ಬಾಮ್ ಅರಮನೆಯ ತೋಟದಲ್ಲಿ ಜಾರೋದಕ್ಕೆ ಅಂತಲೇ ಒಂದು ಸೌಧ ಕಟ್ಟಿಸಿದಳು. 1817ರಲ್ಲಿ ಪ್ಯಾರಿಸ್‌ನವರು ಇದನ್ನೇ ಚಕ್ರದ ಬಂಡಿ ಮಾಡಿ ಹಳಿಯ ಮೇಲೆ ಓಡಿಸಿದರು. ಫ್ರೆಂಚರು ಇವತ್ತಿಗೂ ರೋಲರ್ ಕೋಸ್ಟರ್‌ಗೆ ‘ರಷ್ಯಾದ ಬೆಟ್ಟ’ ಅಂತಲೇ ಅನ್ನೋದು. ಮುಂದೆ ಹಿಮವೂ ಬೇಡ ಬಂಡಿಯೂ ಬೇಡ, ಬರೀ ಇಳಿಜಾರು ಸಾಕು ಅನ್ನುವವರೂ ಬಂದರು. ಇಂಗ್ಲೆಂಡಿನ ಕೆಟರಿಂಗ್ ಊರಿನಲ್ಲಿ ಚಾರ್ಲ್ಸ್ ವಿಕ್‌ಸ್ಟೀಡ್ ಅನ್ನೋ ಎಂಜಿನಿಯರ್ 1920ರ ದಶಕದ ಆರಂಭದಲ್ಲಿ ತನ್ನ ಪಾರ್ಕಿಗೆ ಮರದ ಹಲಗೆಯ ಜಾರುಬಂಡಿ ಮಾಡಿ ಹಾಕಿದ. ಗಂಡು ಮಕ್ಕಳಿಗೆ ಒಂದು, ಹೆಣ್ಣು ಮಕ್ಕಳಿಗೆ ಒಂದು. ಇಂದಿನ ಆಟದ ಮೈದಾನಗಳಿಗೆ ದಾರಿ ಹಾಕಿದ ಮೊದಮೊದಲಿನವರಲ್ಲಿ ಆತನೂ ಒಬ್ಬ. ಅಂದಮೇಲೆ ನಮ್ಮ ಜಾರುಬಂಡಿ ನಿಜಕ್ಕೂ ಹಿಮದ ಬಂಡಿಯ ಮರಿಮಗು. ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಚರಿತ್ರೆ ಮಾತ್ರ ತಪ್ಪಿಲ್ಲ.

ಇಷ್ಟೂ ಕಾಲ ಇವರು ಏನು ಕಲಿತರು? ಸ್ವಿಟ್ಜರ್‌ಲೆಂಡಿನ ಸೇಂಟ್ ಮಾರಿಟ್ಸ್‌ಗೆ ಹೋಗೋಣ. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಚಳಿಗಾಲ ಕಳೆಯಲು ಬಂದ ಇಂಗ್ಲಿಷ್ ಪ್ರವಾಸಿಗಳಿಗೆ ಹೊತ್ತು ಹೋಗುತ್ತಿರಲಿಲ್ಲ. ಸಾಮಾನು ಸಾಗಿಸೋ ಸ್ಲೆಡ್ಜ್ ತಗೊಂಡು ಊರಿನ ಬೀದಿಗಳಲ್ಲೇ ಜಾರೋಕೆ ಶುರು ಮಾಡಿದರು. ನಡೆದು ಹೋಗೋರಿಗೆ ಗುದ್ದಿದರು. ಗಲಾಟೆ ಆಯ್ತು. ಕೊನೆಗೆ ಬೀದಿ ಬಿಟ್ಟು ಬೇರೆ ಕಡೆ, ಅದಕ್ಕೆಂದೇ ಹಿಮದ ಓಟದ ದಾರಿ ಮಾಡಿದರು. 1884–85ರ ಚಳಿಗಾಲದಲ್ಲಿ ಹುಟ್ಟಿದ ಕ್ರೆಸ್ಟಾ ರನ್ ಇವತ್ತಿಗೂ ಇದೆ. ಎರಡೇ ವರ್ಷಕ್ಕೆ, ಇನ್ನೂ ಜೋರಾಗಿ ಹೋಗಬಹುದು ಅಂತ, ಜನ ತಲೆ ಮುಂದೆ ಮಾಡಿ ಮಲಗಿ ಜಾರೋಕೆ ಶುರು ಮಾಡಿದರು. ಅದೇ ಮುಂದೆ ‘ಸ್ಕೆಲಿಟನ್’ ಅನ್ನೋ ಒಲಿಂಪಿಕ್ ಕ್ರೀಡೆ ಆಯ್ತು. ಹೆಸರೇ ಅಸ್ಥಿಪಂಜರ!

ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ ಜಾರೋದು ಲ್ಯೂಜ್. 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೆ ಈ ಕ್ರೀಡೆ ಮೊದಲ ಸಲ ಸೇರಿತು. ಕೂಟ ಶುರುವಾಗೋ ಮುಂಚೆಯೇ ಅಭ್ಯಾಸದಲ್ಲಿ ಬ್ರಿಟನ್ ತಂಡದ ಕಾಜಿಮಿಯೆರ್ಜ್ ಕೇ-ಸ್ಕ್ರಿಪೆಸ್ಕಿ ಸತ್ತರು. 2010ರ ಫೆಬ್ರವರಿ 12ರಂದು, ವ್ಯಾಂಕೂವರ್ ಕೂಟದ ಉದ್ಘಾಟನೆಯ ದಿನವೇ, ಜಾರ್ಜಿಯಾ ದೇಶದ 21 ವರ್ಷದ ನೋಡರ್ ಕುಮಾರಿತಾಶ್ವಿಲಿ ಗಂಟೆಗೆ 140 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ದಾರಿಯ ಗೋಡೆ ಹಾರಿ ಪಕ್ಕದ ಉಕ್ಕಿನ ಕಂಬಕ್ಕೆ ಬಡಿದು ಪ್ರಾಣ ಬಿಟ್ಟ. ಅದೇ ದಾರಿಯಲ್ಲಿ ಆ ಸಲ ನಮ್ಮ ದೇಶದ ಶಿವ ಕೇಶವನ್ ಕೂಡ ಸ್ಪರ್ಧಿಸಿದ್ದರು. ಮನಾಲಿ ಕಡೆಯವರಾದ ಅವರು ಹಿಮದ ಟ್ರ್ಯಾಕ್ ಇಲ್ಲದೆ, ಸ್ಲೆಡ್ಜ್‌ಗೆ ಚಕ್ರ ಹಾಕಿ, ಹಿಮಾಲಯದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅಭ್ಯಾಸ ಮಾಡಿ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ಗೆ ಹೋಗಿ ಬಂದವರು.

ಕುಮಾರಿತಾಶ್ವಿಲಿ ಸತ್ತ ಮೇಲೆ ಸಂಘಟಕರು ಮಾಡಿದ ಕೆಲಸ ನೋಡಿ. ಅವನು ಹಾರಿದ ತಿರುವಿನಲ್ಲಿ ಗೋಡೆ ಎತ್ತರಿಸಿದರು. ಪುರುಷರ ಓಟ ಶುರುವಾಗುವ ಜಾಗವನ್ನು ಕೆಳಕ್ಕೆ, ಮಹಿಳೆಯರು ಶುರು ಮಾಡುವ ಜಾಗಕ್ಕೆ ಇಳಿಸಿದರು. ಅಷ್ಟೇ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಪ್ರೊಡಕ್ಷನ್ ಬಿದ್ದ ಮೇಲೆ ಮಾಡಿದ ಫಿಕ್ಸ್. ಆದರೆ ಆ ಫಿಕ್ಸ್‌ನಲ್ಲಿ ಇಡೀ ವಿಜ್ಞಾನ ಇದೆ. ಜಾರುವವನ ವೇಗವನ್ನು ನಿರ್ಧರಿಸೋದು ಅವನ ಧೈರ್ಯ ಅಲ್ಲ, ಎತ್ತರ. ಪಿಯುಸಿ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಘರ್ಷಣೆ ಇಲ್ಲ ಅಂದುಕೊಂಡರೆ 3 ಮೀಟರ್ ಎತ್ತರದಿಂದ ಜಾರಿದವನು ಬುಡಕ್ಕೆ ಬರೋ ಹೊತ್ತಿಗೆ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರ್ತಾನೆ. 12 ಮೀಟರ್ ಆದರೆ 55 ಕಿ.ಮೀ. ಒಳ್ಳೆ ಹಿಮದಲ್ಲಿ, ನುಣುಪಾದ ಬಂಡೆಯಲ್ಲಿ ಘರ್ಷಣೆ ಸ್ವಲ್ಪ ಕಡಿಮೆ ಮಾಡುತ್ತೆ, ಅಷ್ಟೇ. ರಿಂಗ್ ರೋಡಿನಲ್ಲಿ 28ರ ವೇಗದಲ್ಲಿ ಸ್ಕೂಟರ್ ಓಡಿಸೋಕೆ ಹೆಲ್ಮೆಟ್ ಹಾಕ್ಕೊಳ್ಳೋ ನಾವು, ಅದೇ ವೇಗಕ್ಕೆ ಮಗುವನ್ನು ಬರೀ ತಲೆಯಲ್ಲಿ ತಳ್ಳುತ್ತೇವೆ.

ಈ ವೇಗ ಎಲ್ಲಿಗಾದರೂ ಹೋಗಬೇಕಲ್ಲ? ಉದ್ದ ಬಯಲಿದ್ದರೆ ನಿಧಾನವಾಗಿ ಕರಗುತ್ತೆ. ಮರ, ಕಂಬ, ಕಾಂಪೌಂಡ್, ನಿಲ್ಲಿಸಿದ ಕಾರು ಅಡ್ಡ ಸಿಕ್ಕರೆ ಒಂದೇ ಕ್ಷಣದಲ್ಲಿ ಮೈಯೊಳಕ್ಕೆ ಹೋಗುತ್ತೆ. ಅಮೆರಿಕದಲ್ಲಿ 1997ರಿಂದ 2007ರವರೆಗೆ ಸ್ಲೆಡ್ಡಿಂಗ್ ಗಾಯದಿಂದ ತುರ್ತು ಚಿಕಿತ್ಸೆಗೆ ಬಂದ ಮಕ್ಕಳು, ಹದಿಹರೆಯದವರ ಸಂಖ್ಯೆ 2.29 ಲಕ್ಷ ಎಂದು ಒಂದು ಅಧ್ಯಯನ ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ. ಅದರಲ್ಲಿ ಅರ್ಧದಷ್ಟು ಗಾಯ ಯಾವುದಕ್ಕಾದರೂ ಡಿಕ್ಕಿ ಹೊಡೆದದ್ದರಿಂದ. ಏಟು ಬಿದ್ದ ಜಾಗಗಳಲ್ಲಿ ಮೊದಲ ಸ್ಥಾನ ತಲೆಗೆ, ಮೂರನೇ ಒಂದು ಭಾಗ. ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಆನ್‌ಸೈಟ್ ಅಂತ ಶಿಕಾಗೋ, ಮಿನಿಯಾಪೊಲಿಸ್‌ಗೆ ಹೋದ ನಮ್ಮ ತುಮಕೂರು ಹುಡುಗರ ಮಕ್ಕಳೂ ಈಗ ಅಲ್ಲಿ ಜಾರ್ತಾ ಇದ್ದಾರೆ. ಇನ್ನು ಗುಲ್ಮಾರ್ಗ್‌ನಲ್ಲಿ, ಸೊಲಾಂಗ್‌ನಲ್ಲಿ ಸ್ಲೆಡ್ಜ್ ಮೇಲೆ ಕೂತು ಫೋಟೋ ಹಾಕದ ಟೆಕ್ಕಿ ಯಾರಿದ್ದಾರೆ?

ಹಿಮಕ್ಕೆ ಹೋದರೆ ಪಾಲಿಸಬೇಕಾದ್ದು ಹೆಚ್ಚೇನಿಲ್ಲ. ಕೂತು ಜಾರಿ, ಕಾಲು ಮುಂದಿರಲಿ. ಹೊಟ್ಟೆ ಮೇಲೆ ಮಲಗಿ ತಲೆ ಮುಂದೆ ಮಾಡೋದನ್ನು ಒಲಿಂಪಿಕ್ಸ್‌ನವರಿಗೆ ಬಿಡಿ. ಜಾರೋ ಮುಂಚೆ ಕೆಳಗೆ ಇಳಿದು ಹೋಗಿ ಕೊನೆ ಹೇಗಿದೆ ಅಂತ ನೋಡಿ ಬನ್ನಿ. ಕೊನೆಯಲ್ಲಿ ರಸ್ತೆ, ಮರ, ಕೆರೆ ಇದ್ದರೆ ಆ ಇಳಿಜಾರು ಬೇಡ. ಕಾರು, ಜೀಪು, ಸ್ನೋ ಬೈಕಿನ ಹಿಂದೆ ಸ್ಲೆಡ್ಜ್ ಕಟ್ಟಿಸಿಕೊಂಡು ಎಳೆಸ್ಕೋಬೇಡಿ, ನಿಲ್ಲೋದು ನಿಮ್ಮ ಕೈಲಿರಲ್ಲ. ಮತ್ತೆ ಹೆಲ್ಮೆಟ್. ಹೆಲ್ಮೆಟ್‌ಗೂ ಒಂದು ಚರಿತ್ರೆ ಇದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಸಿನಿಮಾ ಆದ ಟಿ. ಇ. ಲಾರೆನ್ಸ್ 1935ರಲ್ಲಿ ಮೋಟಾರ್ ಸೈಕಲ್‌ನಿಂದ ಬಿದ್ದು ತಲೆಗೆ ಏಟಾಗಿ ತೀರಿಕೊಂಡಾಗ ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಮೆದುಳಿನ ಸರ್ಜನ್ ಒಬ್ಬರು. ಅವರು ಮುಂದೆ ಸೈನ್ಯದ ಬೈಕ್ ಸವಾರರ ತಲೆ ಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ ಪರವಾಗಿ ಬರೆದರು. ತಲೆ ಕಾಯೋ ಈ ಬುದ್ಧಿ ನಮಗೆ ಬಂದು ಇನ್ನೂ ನೂರು ವರ್ಷ ಆಗಿಲ್ಲ.

ಆದರೆ ಹೆಲ್ಮೆಟ್ ವಿಷಯದಲ್ಲಿ ಒಂದು ತಮಾಷೆ ಇದೆ. ಹಿಮದಲ್ಲಿ ಹಾಕಬೇಕಾದ ಹೆಲ್ಮೆಟ್ಟನ್ನು ಪಾರ್ಕಿನ ಜಾರುಬಂಡಿ ಹತ್ತುವಾಗ ತೆಗೆಯಬೇಕು. ಸೈಕಲ್ ಹೊಡೆದು ಬಂದ ಮಗು ಹಾಗೇ ಮೇಲೆ ಹತ್ತಿದರೆ ಹೆಲ್ಮೆಟ್ ಸರಳುಗಳ ಸಂದಿಯಲ್ಲಿ ಸಿಕ್ಕಿ, ಗಲ್ಲದ ಪಟ್ಟಿ ಕುತ್ತಿಗೆಗೆ ಬಿಗಿಯಬಹುದು. ಸ್ವೆಟರ್ ಟೋಪಿಯ ದಾರ, ದುಪಟ್ಟಾ, ಕುತ್ತಿಗೆಗೆ ಹಾಕಿದ ದಾರದ ಸರ ಎಲ್ಲಕ್ಕೂ ಇದೇ ಮಾತು.

ಪಾರ್ಕಿನಲ್ಲಿ ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ಗಾಯ ಇದೆ. ಅದನ್ನು ಮಾಡೋರು ನಾವೇ, ಅತಿ ಪ್ರೀತಿಯಿಂದ. ಒಂದೂವರೆ ವರ್ಷದ ಮಗು, ಒಂದೇ ಜಾರಿದರೆ ಭಯ ಅಂತ ಅಪ್ಪ ತೊಡೆ ಮೇಲೆ ಕೂರಿಸ್ಕೊಂಡು ಜಾರ್ತಾನೆ. ಮಗುವಿನ ರಬ್ಬರ್ ಸೋಲಿನ ಶೂ ಜಾರುಬಂಡಿಯ ಪಕ್ಕಕ್ಕೆ ತಾಗಿ ಕಚ್ಚಿಕೊಳ್ಳುತ್ತೆ. ಒಂದೇ ಇದ್ದಿದ್ದರೆ ಮಗು ನಿಲ್ಲುತ್ತಿತ್ತು ಅಥವಾ ಕಾಲು ಬಿಡಿಸಿಕೊಳ್ಳುತ್ತಿತ್ತು. ಆದರೆ ಹಿಂದೆ ಅಪ್ಪನ ಎಪ್ಪತ್ತು ಕಿಲೋ ಬರ್ತಾ ಇದೆ. ಕಾಲು ತಿರುಚಿ ಮೊಣಕಾಲಿನ ಕೆಳಗಿನ ಮೂಳೆ ಸುರುಳಿಯಾಗಿ ಸೀಳುತ್ತೆ. 2002ರಿಂದ 2015ರವರೆಗೆ ಅಮೆರಿಕದಲ್ಲಿ ಜಾರುಬಂಡಿಯಿಂದ ಗಾಯಗೊಂಡ ಆರು ವರ್ಷದೊಳಗಿನ ಮಕ್ಕಳು ಮೂರೂವರೆ ಲಕ್ಷ ಎಂದು ಅಂದಾಜಾಗಿದೆ. ಅವರಲ್ಲಿ ಹೆಚ್ಚು ಮುರಿತ ಆಗಿದ್ದು ಕಾಲಿಗೆ. ಪುಟ್ಟ ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ದೊಡ್ಡವರ ತೊಡೆ. ಮಗುವಿಗೆ ಒಂದೇ ಜಾರುವಷ್ಟು ಧೈರ್ಯ ಇಲ್ಲ ಅಂದರೆ ಆ ಜಾರುಬಂಡಿ ಅದಕ್ಕೆ ಇನ್ನೂ ದೊಡ್ಡದು. ಪಕ್ಕದಲ್ಲಿ ನಿಂತು ಕೈ ಹಿಡಿಯಬಹುದಾದ ಸಣ್ಣದನ್ನು ಹುಡುಕಿ.

ಈಗ ಗಾಯ ಆದ ಮೇಲಿನ ಕಥೆ. ಇಲ್ಲಿ ನಮ್ಮ ನಾಡಿನ ಚರಿತ್ರೆ ಬಹಳ ಶ್ರೀಮಂತವಾಗಿದೆ.

ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೇ ಮೀಸಲಾದ ಅಧ್ಯಾಯಗಳಿವೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ವಿಂಗಡಿಸಿದ್ದಾರೆ. ಮುರಿದ ಅಂಗಕ್ಕೆ ಆಸರೆಯಾಗಿ ಕಟ್ಟಲು ಯಾವ ಮರದ ತೊಗಟೆ ಆಗುತ್ತೆ ಅಂತ ಪಟ್ಟಿ ಇದೆ: ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಆಲ, ಜೊತೆಗೆ ಬಿದಿರು. ಓದಿದರೆ ಗುಬ್ಬಿಯಿಂದ ಕುಣಿಗಲ್‌ಗೆ ಹೋಗೋ ದಾರಿಯ ಮರಗಳ ಪಟ್ಟಿಯಂತಿದೆ. ನನಗೆ ಅದಕ್ಕಿಂತ ಆಶ್ಚರ್ಯ ಆಗಿದ್ದು ಕಟ್ಟಿನ ಬಗ್ಗೆ ಹೇಳಿರೋ ಮಾತು. ಕಟ್ಟು ತೀರಾ ಸಡಿಲವಾದರೆ ಕೀಲು ಸ್ಥಿರವಾಗಿ ನಿಲ್ಲುವುದಿಲ್ಲ. ತೀರಾ ಬಿಗಿಯಾದರೆ ಊತ, ನೋವು, ಕೀವು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೆ, ಬಿಸಿಲುಗಾಲದಲ್ಲಿ ಮೂರು ದಿನಕ್ಕೆ ಬಿಚ್ಚಿ ಕಟ್ಟಬೇಕು. ಅಂದರೆ ಕಟ್ಟು ಅನ್ನೋದು ಕಟ್ಟಿ ಮರೆಯುವ ವಸ್ತು ಅಲ್ಲ, ದಿನಾ ಕಣ್ಣಿಟ್ಟು ನೋಡಬೇಕಾದ ವಸ್ತು ಎಂದು ಇವರಿಗೆ ಗೊತ್ತಿತ್ತು.

ಈ ಜ್ಞಾನದಲ್ಲಿ ಮೊದಲ ಅರ್ಧ ಉಳಿಯಿತು, ಎರಡನೆಯ ಅರ್ಧ ಎಷ್ಟೋ ಕಡೆ ಕಳೆದುಹೋಯಿತು. ನಮ್ಮೂರಲ್ಲಿ ನನಗಿಂತ ಮೂರು ವರ್ಷ ದೊಡ್ಡವನೊಬ್ಬ ಇದ್ದಾನೆ. ಎಂಟು ವರ್ಷದವನಿದ್ದಾಗ ಬಂಡೆ ಮೇಲೆ ಜಾರಿ, ಕೊನೆಯಲ್ಲಿ ಕೈ ಊರಿ ಬಿದ್ದ. ಮೊಣಕೈ ಮೇಲೆ ಮೂಳೆ ಮುರಿಯಿತು. ಮನೆಯವರು ನಾಟಿ ವೈದ್ಯರ ಹತ್ತಿರ ಕರ್ಕೊಂಡು ಹೋಗಿ ಬಿದಿರು ದಬ್ಬೆ ಇಟ್ಟು ಕಟ್ಟಿಸಿದರು. ರಾತ್ರಿಯೆಲ್ಲ ಅತ್ತ. “ನೋವಿದ್ರೆ ಒಳ್ಳೇದು ಕಣಪ್ಪ, ಮೂಳೆ ಕೂಡ್ತಾ ಐತೆ” ಅಂತ ದೊಡ್ಡವರು ಸಮಾಧಾನ ಮಾಡಿದರು. ಮೂರನೇ ದಿನ ಬೆರಳುಗಳು ಕಪ್ಪಾಗಿ ತಣ್ಣಗಾಗಿದ್ವು. ಅಳು ಕೂಡ ನಿಂತಿತ್ತು, ಯಾಕಂದ್ರೆ ಆ ಹೊತ್ತಿಗೆ ಕೈಗೆ ಏನೂ ಗೊತ್ತಾಗ್ತಿರಲಿಲ್ಲ. ಮೂಳೆ ಚೆನ್ನಾಗೇ ಕೂಡಿತು. ಬೆರಳು ಬಿಚ್ಚಲಿಲ್ಲ. ಇವತ್ತಿಗೂ ಅವನ ಬಲಗೈ ಅರ್ಧ ಮುಷ್ಟಿ ಹಿಡಿದಂತೆಯೇ ಇದೆ. ತೆಂಗಿನಕಾಯಿ ಸುಲಿಯೋಕೆ ಆಗಲ್ಲ, ಸಹಿ ಎಡಗೈಲಿ ಹಾಕ್ತಾನೆ. ಅವನ ಜೀವನ ಬದಲಾಗಿದ್ದು ಬಂಡೆಯಿಂದಲ್ಲ, ಬಟ್ಟೆಯಿಂದ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಜರ್ಮನಿಯ ಸರ್ಜನ್ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿ, ಕಾರಣವನ್ನು ಬಿಗಿಯಾದ ಕಟ್ಟಿನತ್ತ ಬೊಟ್ಟು ಮಾಡಿ ತೋರಿಸಿದ. ಮುರಿದ ಜಾಗ ಮೊದಲೆರಡು ದಿನ ಊದುತ್ತಲೇ ಹೋಗುತ್ತೆ. ಸುತ್ತ ಬಿಗಿದ ಕಟ್ಟು ಇದ್ದರೆ ಊತ ಹೊರಕ್ಕೆ ಹೋಗಲು ಜಾಗ ಇಲ್ಲದೆ ಒಳಕ್ಕೆ ಒತ್ತುತ್ತೆ, ರಕ್ತ ನಿಲ್ಲುತ್ತೆ. ರಕ್ತ ಇಲ್ಲದೆ ಆರು ಗಂಟೆ ಕಳೆದರೆ ಸ್ನಾಯು ಸಾಯೋಕೆ ಶುರು. ಸತ್ತ ಸ್ನಾಯು ನಾರಿನಂತೆ ಕುಗ್ಗಿ ಬೆರಳನ್ನು ಮಡಚಿ ಹಿಡಿಯುತ್ತೆ.

ಇದನ್ನು ಓದಿ ನಾಟಿ ವೈದ್ಯರನ್ನು ಬೈಯೋದು ಸುಲಭ. ಫೋಲ್ಕ್‌ಮನ್ ನೋಡಿದ್ದು ಯುರೋಪಿನ ಓದಿದ ವೈದ್ಯರು ಕಟ್ಟಿದ ಕಟ್ಟುಗಳನ್ನೇ. 1852ರಲ್ಲಿ ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಾಥೈಸೆನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಬ್ಯಾಂಡೇಜ್ ಬಗ್ಗೆ ಬರೆದ. ಇವತ್ತಿಗೂ ನಾವು ‘ಪಿಓಪಿ ಹಾಕಿದ್ರು’ ಅನ್ನೋದು ಅದನ್ನೇ. ಆ ಬಿಳಿ ಕಟ್ಟೂ ಬಿಗಿಯಾದರೆ ಬಿದಿರಿನಷ್ಟೇ ಕ್ರೂರ. ಅದಕ್ಕೇ ಈಗಿನ ವೈದ್ಯರು ಊತ ಇಳಿಯುವ ತನಕ ಸಾಮಾನ್ಯವಾಗಿ ಒಂದು ಬದಿಗೆ ಮಾತ್ರ ಗಟ್ಟಿ ಪಟ್ಟಿ ಇಟ್ಟು, ಮೇಲೆ ಬಟ್ಟೆ ಸುತ್ತಿ ಬಿಡ್ತಾರೆ. ಪೂರ್ತಿ ಕಟ್ಟು ಆಮೇಲೆ. ಇನ್ನೊಂದು ಕಡೆ, ಮೂಳೆ ಕಟ್ಟುವ ಕಸುಬಿನ ಮನೆತನದಿಂದಲೇ ದೊಡ್ಡ ವೈದ್ಯರೂ ಬಂದಿದ್ದಾರೆ. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಅವರ ಅಪ್ಪ ಓದಿದ ಡಾಕ್ಟರಲ್ಲ, ವೇಲ್ಸ್‌ನ ಆಂಗ್ಲ್‌ಸಿ ದ್ವೀಪದಿಂದ ಬಂದ ಮೂಳೆ ಕಟ್ಟುವವರು. ಮಗ ಆ ಕೈಗುಣವನ್ನೂ ವೈದ್ಯ ಶಿಕ್ಷಣವನ್ನೂ ಸೇರಿಸಿ ಕಾಲಿಗೆ ಕಬ್ಬಿಣದ ಆಸರೆ ಕಂಡುಹಿಡಿದರು. ಮೊದಲ ಮಹಾಯುದ್ಧದಲ್ಲಿ ಅವರ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಬಳಕೆಗೆ ತಂದಾಗ, ತೊಡೆಮೂಳೆ ಮುರಿದ ಸೈನಿಕರ ಸಾವಿನ ಪ್ರಮಾಣ ಶೇ. 80ರಿಂದ ಶೇ. 20ಕ್ಕಿಂತ ಕೆಳಗೆ ಇಳಿಯಿತು ಅಂತ ಆ ಕಾಲದ ವೈದ್ಯರ ಲೆಕ್ಕ.

ನಮ್ಮ ಕಡೆ ಹೆಸರುವಾಸಿಯಾಗಿರೋದು ‘ಪುತ್ತೂರು ಕಟ್ಟು’. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ ಪುತ್ತೂರು. ಮೊಟ್ಟೆಯ ಬಿಳಿ ಲೋಳೆ, ಸೊಪ್ಪಿನ ಲೇಪ, ಬಿದಿರು ದಬ್ಬೆ. ಈ ಹೆಸರಿನ ಬೋರ್ಡು ಕರ್ನಾಟಕದ ಊರೂರಲ್ಲಿ ಕಾಣುತ್ತೆ. ಜನ ಅಲ್ಲಿಗೆ ಹೋಗೋದಕ್ಕೆ ಕಾರಣ ಬರೀ ಮೂಢನಂಬಿಕೆ ಅಲ್ಲ. ಖರ್ಚು ಕಡಿಮೆ, ಆಪರೇಷನ್ ಭಯ ಇಲ್ಲ, ಮುಟ್ಟಿ ಮಾತಾಡಿಸ್ತಾರೆ. ಅದೆಲ್ಲ ಒಪ್ಪೋಣ. ಆದರೆ ಮಕ್ಕಳ ಮೊಣಕೈ ಮುರಿತ, ಚರ್ಮ ಸೀಳಿ ಬಂದ ಮುರಿತ, ಬೆರಳು ಜೋಮು ಹಿಡಿದ ಮುರಿತ ಈ ಮೂರನ್ನು ಎಕ್ಸ್-ರೇ ಇಲ್ಲದ ಜಾಗಕ್ಕೆ ತಗೊಂಡು ಹೋಗಬೇಡಿ. ಊರಲ್ಲಿ ಅಜ್ಜಿ ಹಠ ಮಾಡಿದರೆ ಫೋನಿನಲ್ಲೇ ಜಗಳ ಆಡಿ, ಪರವಾಗಿಲ್ಲ.

ಬಿದ್ದ ತಕ್ಷಣ ಮಾಡಬೇಕಾದ್ದು ಇಷ್ಟು. ಎಣ್ಣೆ ಹಚ್ಚಿ ತಿಕ್ಕಬೇಡಿ, ಸೊಟ್ಟಗಿದ್ದರೆ ಎಳೆದು ನೆಟ್ಟಗೆ ಮಾಡೋಕೆ ಹೋಗಬೇಡಿ. ಹೇಗಿದೆಯೋ ಹಾಗೇ, ಮೇಲಿನ ಮತ್ತು ಕೆಳಗಿನ ಎರಡೂ ಕೀಲು ಅಲುಗದಂತೆ ಆಸರೆ ಕೊಡಿ. ದಪ್ಪ ರಟ್ಟು, ಸುತ್ತಿದ ಪತ್ರಿಕೆ ಸಾಕು. ಬಳೆ, ಉಂಗುರ, ವಾಚು, ಕಾಲುಗೆಜ್ಜೆಯನ್ನು ಊದುವ ಮುಂಚೆಯೇ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು-ಹದಿನೈದು ನಿಮಿಷ ಇಡಬಹುದು. ಗಾಯ ತೆರೆದಿದ್ದರೆ ಶುದ್ಧ ಬಟ್ಟೆ ಮುಚ್ಚಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಡಾಕ್ಟರ್ ನೋಡುವ ತನಕ ಊಟ, ಹಾಲು ಬೇಡ. ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಯಾರೇ ಹಾಕಿರಲಿ, ಮೊದಲ ಎರಡು ದಿನ ಗಂಟೆಗೊಮ್ಮೆ ಬೆರಳು ನೋಡಿ. ಬಣ್ಣ ಬದಲಾಗಿದೆಯಾ, ತಣ್ಣಗಿದೆಯಾ, ಮುಟ್ಟಿದರೆ ಗೊತ್ತಾಗ್ತಿದೆಯಾ, ಬೆರಳನ್ನು ಮೆಲ್ಲಗೆ ಬಿಡಿಸಿದರೆ ಮಗು ಚೀರುತ್ತಾ? ಔಷಧಿಗೂ ಜಗ್ಗದೆ ನೋವು ಏರ್ತಾ ಇದ್ದರೆ ಬೆಳಗಾಗೋದನ್ನು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಕಟ್ಟು ಬಿಚ್ಚಿಸಿ.

ತಲೆಗೆ, ಕುತ್ತಿಗೆಗೆ ಏಟಾಗಿದ್ದರೆ ಲೆಕ್ಕವೇ ಬೇರೆ. ಕುತ್ತಿಗೆ ನೋವು, ಕೈಕಾಲು ಜೋಮು ಅಂದರೆ ಎತ್ತಿ ಕೂರಿಸಬೇಡಿ, ಇದ್ದಲ್ಲೇ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ತಲೆ ಏಟಿನ ಮೋಸ ಏನಂದ್ರೆ, ಮಗು ಎದ್ದು ನಗ್ತಾ ಓಡಾಡಬಹುದು. ತಲೆಬುರುಡೆಯ ಒಳಗೆ ರಕ್ತ ನಿಧಾನಕ್ಕೆ ಸೇರಿಕೊಂಡು ಕೆಲವು ಗಂಟೆ ಕಳೆದ ಮೇಲೆ ಮಂಕು ಬಡಿಯುತ್ತೆ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಅಸಂಬದ್ಧ ಮಾತು, ಫಿಟ್ಸ್, ಕಿವಿ ಮೂಗಿನಿಂದ ತಿಳಿನೀರು ಅಥವಾ ರಕ್ತ, ಒಂ೦ದು ಕಣ್ಣಿನ ಪಾಪೆ ದೊಡ್ಡದಾಗೋದು, ಇದರಲ್ಲಿ ಒಂದು ಕಂಡರೂ ಹೊರಡಿ. ಏಟಿನ ಗಂಭೀರತೆಯನ್ನು ಕಣ್ಣು, ಮಾತು, ಚಲನೆ ನೋಡಿ ಅಂಕಿಯಲ್ಲಿ ಅಳೆಯುವ ಗ್ಲಾಸ್ಗೋ ಮಾಪಕ ಬಂದದ್ದು 1974ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಈಗಿನ ರೂಪ ಪಡೆದದ್ದೂ ಅದೇ ವರ್ಷ. ಅದಕ್ಕೂ ಮುಂಚೆ ಬಂಡೆಯಿಂದ ಬಿದ್ದು ರಾತ್ರಿ ನಿದ್ದೆಯಲ್ಲೇ ಹೋದ ಮಕ್ಕಳಿಗೆ ‘ಗಾಳಿ ಸೋಕಿತು’ ಅನ್ನೋದು ಬಿಟ್ಟು ನಮ್ಮೂರುಗಳಲ್ಲಿ ಬೇರೆ ವಿವರಣೆ ಇರಲಿಲ್ಲ.

ಹೊಟ್ಟೆಯನ್ನೂ ಮರೆಯಬೇಡಿ. ಕಂಬಕ್ಕೋ ಸ್ಲೆಡ್ಜ್ ಅಂಚಿಗೋ ಹೊಟ್ಟೆ ಬಡಿದು, ಹೊರಗೆ ಗೀರೂ ಇಲ್ಲದೆ ಒಳಗೆ ಗುಲ್ಮ ಒಡೆದಿರಬಹುದು. ಹೊಟ್ಟೆ ನೋವು ಏರಿದರೆ, ಮಗು ಬಿಳಿಚಿಕೊಂಡು ಬೆವೆತರೆ ತಡ ಮಾಡುವ ಹಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಜಾರೋದೇ ಬೇಡ ಅನ್ನಿಸಬಹುದು. ಹಾಗೆ ಅನ್ನಿಸಿದರೆ ನಾನು ಬರೆದದ್ದು ವ್ಯರ್ಥ. ಮಗು ಜಾರಲೇಬೇಕು. ಎತ್ತರ, ವೇಗ, ಭಯ, ಅದರ ನಂತರದ ನಗು ಇವನ್ನು ಯಾವ ಟ್ಯಾಬ್ ಕೂಡ ಕಲಿಸಲ್ಲ. ಸೇಂಟ್ ಮಾರಿಟ್ಸ್‌ನವರು ಬೀದಿ ಬಿಟ್ಟು ಬೇರೆ ದಾರಿ ಮಾಡಿದರು, ವ್ಯಾಂಕೂವರ್‌ನವರು ಎತ್ತರ ಇಳಿಸಿದರು, ಸುಶ್ರುತರು ಕಟ್ಟು ಬಿಚ್ಚಿ ಕಟ್ಟಿ ಅಂದರು. ಮೂರೂ ಕಡೆ ಮಾಡಿದ್ದು ಒಂದೇ ಕೆಲಸ, ಜಾಗ ಬಿಟ್ಟದ್ದು. ಜಾರುವವನಿಗೆ ನಿಲ್ಲೋಕೆ ಜಾಗ, ಊತಕ್ಕೆ ಉಬ್ಬೋಕೆ ಜಾಗ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಆಗೋದೇನು ಅಂದ್ರೆ, ಪಾರ್ಕಿಂಗ್‌ಗೆ ಅಳೆದು ಕೊಟ್ಟು ಉಳಿದ ಮೂಲೆಗೆ ಜಾರುಬಂಡಿ ತಂದು ನಿಲ್ಲಿಸ್ತಾರೆ. ಮುಂದಿನ ಅಸೋಸಿಯೇಷನ್ ಮೀಟಿಂಗ್‌ಗೆ ಹೋಗುವಾಗ ಒಂದು ಟೇಪು ಜೇಬಿನಲ್ಲಿ ಇಟ್ಕೊಂಡು ಹೋಗಿ. ಜಾರುಬಂಡಿಯ ಸುತ್ತ ಕನಿಷ್ಠ ಆರಡಿ ಖಾಲಿ ಇದೆಯಾ, ಕೆಳಗೆ ಸಿಮೆಂಟೋ ಟೈಲ್ಸೋ ಅಥವಾ ಮರಳೋ ನೋಡಿ. ಬರೀ ಸಿಮೆಂಟಿದ್ದರೆ ಮುಕ್ಕಾಲಡಿ ದಪ್ಪಕ್ಕೆ ಮರಳು ಹಾಕಿಸಿ. ಸ್ಟೀಲಿನದಾದರೆ ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ನಿಮ್ಮ ಅಂಗೈ ಐದು ಸೆಕೆಂಡ್ ಇಟ್ಟು ನೋಡಿ. ನಿಮಗೆ ಇಡೋಕಾಗದ ಜಾಗದಲ್ಲಿ ಮಗುವಿನ ತೊಡೆ ಇಡಬಾರದು. ಒಂದು ಲೋಡ್ ಮರಳು ಹಾಕಿಸೋಕೆ ಯಾವ ಮಗುವೂ ಬೀಳೋವರೆಗೆ ಕಾಯಬೇಕಾಗಿಲ್ಲ.